ಅಮ್ಮನಿಗೆ ಎರಡೇ ಹೆಗಲು

ಮಹಾಬಲ ಭಟ್ಟರಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಹಾಗಿದ್ದೂ ಒಂದು ಕಾಲಕ್ಕೆ ಭಟ್ಕಳದಿಂದ ಕುಮಟೆಯವರೆಗಿನ ಅರ್ಧಕ್ಕರ್ಧ ಮ್ಯಾಟ್ರಿಕ್ ಹುಡುಗರು 'ಎ' ಎಲ್ಲಿ ಹಾಕಬೇಕು, 'ದಿ' ಎಲ್ಲಿ ಹಾಕಬೇಕು ಎಂದು ಕೇಳಲು ಬರುತ್ತಿದ್ದದ್ದು ಅವರ ಬಳಿಗೇ. ಅವರ ಬಳಿಗೆ ಎನ್ನುವುದೂ ಪೂರ್ತಿ ಸರಿಯಲ್ಲ. ಹುಡುಗರು ಕೇಳುತ್ತಿದ್ದದ್ದು ಅಮ್ಮನನ್ನು. ಭಟ್ಟರು ನಡುವೆ ನಿಂತು ಮಾತು ದಾಟಿಸುವವರು, ಅಷ್ಟೇ.

ಅಮ್ಮನೆಂದರೆ ಹೊನ್ನಾವರದ ಬಂದರದಿಂದ ಒಂದು ಕೂಗಳತೆಯಲ್ಲಿದ್ದ ಸಣ್ಣ ಗುಡಿಯ ದೇವಿ. ಬಡಗು ಮುಖದ ಕರಿಕಲ್ಲಿನ ಮೂರ್ತಿ. ಮದುವೆ, ಜಮೀನು, ಕಳೆದುಹೋದ ದನ, ಏನೇ ಇರಲಿ, ಊರವರು ಅಲ್ಲಿಗೆ ಬಂದು ಪ್ರಸಾದ ಕೇಳುತ್ತಿದ್ದರು. ದಾಸವಾಳದ ಎರಡು ಎಸಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಹೆಗಲಿಗೆ ಹಚ್ಚುವುದು. ಪ್ರಶ್ನೆ ಹೇಳಿ ಕಾಯುವುದು. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮತ್ತೆ ಅದರ ಮೇಲೆ ಮೇಲ್ಮನವಿ ಇಲ್ಲ.

ಬೇರೆ ಊರುಗಳಲ್ಲಿ ಕೆಲವು ಅರ್ಚಕರು ಒಂದು ಎಸಳಿಗೆ ನೀರು ಹೆಚ್ಚು ಮಾಡಿ, ಇನ್ನೊಂದಕ್ಕೆ ಕಡಿಮೆ ಮಾಡಿ ದೇವರಿಗೆ ತಾವೇ ಬುದ್ಧಿ ಹೇಳುತ್ತಾರೆಂಬ ಸುದ್ದಿ ಇತ್ತು. ಭಟ್ಟರದು ಆ ಪೈಕಿ ಅಲ್ಲ. ಎಸಳು ಹಚ್ಚಿದ ಮೇಲೆ ಅವರು ಹೆಗಲ ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು, ಕೈ ಕಟ್ಟಿ, ಉಸಿರೂ ತಾಗಬಾರದೆಂದು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಅವರ ಒಬ್ಬನೇ ಮಗ ಶಾಂತಾರಾಮ ಪ್ರಾಯದಲ್ಲಿ ಮುಂಬಯಿಗೆ ಹೋಗಬೇಕೆಂದು ಹಾತೊರೆದಿದ್ದ. ಅವನ ಸೋದರಮಾವ ಅಲ್ಲೊಂದು ಗಿರಣಿಯ ಆಫೀಸಿನಲ್ಲಿ ಕೆಲಸವನ್ನೂ ಹುಡುಕಿದ್ದ. ಅಮ್ಮನನ್ನು ಕೇಳಿದರು. ಎಡ ಬಿತ್ತು. ಶಾಂತಾರಾಮ ಕಟ್ಟಿದ ಟ್ರಂಕು ಬಿಚ್ಚಿ, ಬಂದರದ ಕೊಬ್ಬರಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತ. ಅಂದಿನಿಂದ ಮುಂಬಯಿಯವರು ಯಾರಾದರೂ ಬಂದು ಮಾತಿಗೆ ಕೂತರೆ ಅವನು ಮೆಲ್ಲಗೆ ಎದ್ದು ಹೋಗುತ್ತಿದ್ದ. ಭಟ್ಟರಿಗೆ ಅದು ಕಾಣುತ್ತಿತ್ತು. ಆದರೂ ಸ್ವಂತ ಮಗನ ವಿಷಯದಲ್ಲೂ ತಾನು ಬೆರಳು ತಾಗಿಸಲಿಲ್ಲವೆಂಬುದೇ ಅವರ ಬದುಕಿನ ದೊಡ್ಡ ಹೆಮ್ಮೆ. ಆ ಹೆಮ್ಮೆ ಬಿಟ್ಟರೆ ಅವರಲ್ಲಿ ಬೇರೆ ಆಸ್ತಿಯೂ ಇರಲಿಲ್ಲ.

ಇಂಗ್ಲಿಷಿನ ಉಪದ್ರವ ಶುರು ಮಾಡಿದವನು ಮಾವಿನಕುರ್ವೆಯ ತಿಮ್ಮ. ನಮ್ಮ ಕಡೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ದೋಣಿ ನಡೆಸುವುದರಲ್ಲಿ ತಿಮ್ಮನನ್ನು ಮೀರಿಸುವವರಿರಲಿಲ್ಲ. ಮ್ಯಾಟ್ರಿಕ್ಕಿನ ಇಂಗ್ಲಿಷ್ ಪೇಪರು ಮಾತ್ರ ಪ್ರತಿ ವರ್ಷ ಅವನನ್ನು ಮಗುಚಿ ಹಾಕುತ್ತಿತ್ತು. ಕಡೆಗೊಮ್ಮೆ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ತೆಂಗಿನಕಾಯಿ ಹಿಡಿದುಕೊಂಡು ಗುಡಿಗೆ ಬಂದ.

"ಭಟ್ರೇ, ಅಮ್ಮನ ಹತ್ರ ಒಂದು ಕೇಳ್ಬೇಕಾಗಿತ್ತು."

"ಎಂತದೋ? ಪಾಸಾಗ್ತ್ಯೋ ಇಲ್ವೋ ಅಂತಾ?"

"ಅದು ನಂಗೆ ಗೊತ್ತದೆ. ಗೊತ್ತಿಲ್ದೆ ಇದ್ದದ್ದು ಬೇರೆ. ಸೂರ್ಯನ ಹೆಸ್ರಿನ ಮುಂದೆ 'ದಿ' ಹಾಕ್ಬೇಕಾ, ಬ್ಯಾಡ್ವಾ?"

ಭಟ್ಟರಿಗೆ ಸೂರ್ಯ ಗೊತ್ತು. ನವಗ್ರಹವೂ ಗೊತ್ತು. ಈ 'ದಿ' ಎಂಬುದು ಯಾವ ಗ್ರಹವೋ ತಿಳಿಯಲಿಲ್ಲ.

"ಹಾಕಿದ್ರೆ ಎಂತ ಆಗ್ತದೆ?"

"ಮಾರ್ಕ್ ಬತ್ತದೆ."

"ಹಾಕದೇ ಇದ್ರೆ?"

"ಮಾಸ್ತರ್ರು ಬೈತ್ರು. ಹಾಕಿದ್ರೂ ಬೈತ್ರು. ಅದ್ಕೇ ಇಲ್ಲಿಗೆ ಬಂದದ್ದು."

ಎರಡೇ ದಾರಿಯ ಪ್ರಶ್ನೆ, ಕೇಳಲು ಅಡ್ಡಿಯಿಲ್ಲ ಎಂದು ಭಟ್ಟರು ಎಸಳು ಹಚ್ಚಿದರು. ಬಲ ಬಿತ್ತು. ತಿಮ್ಮ ಮರುದಿನ ಪೇಪರಿನಲ್ಲಿ ಸೂರ್ಯನಿಗೆ ಮಾತ್ರವಲ್ಲ, ಚಂದ್ರನಿಗೆ, ಸಮುದ್ರಕ್ಕೆ, ತನ್ನ ಅಜ್ಜಿಗೆ ಕೂಡ 'ದಿ' ಹಾಕಿ ಬಂದ. ಅವನ ಗ್ರಹಚಾರ ನೆಟ್ಟಗಿತ್ತು, ಕೂದಲೆಳೆಯಲ್ಲಿ ಪಾಸಾದ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯ ಬಸ್ಸು ಆಚೆ ದಡದಲ್ಲೇ ನಿಲ್ಲುತ್ತಿತ್ತು. ಲಾಂಚಿನಲ್ಲಿ ಹೊಳೆ ದಾಟಿ ಈಚೆ ದಡದಲ್ಲಿ ಕುಮಟೆಯ ಬಸ್ಸು ಹಿಡಿಯಬೇಕು. ಲಾಂಚಿಗಾಗಿ ಕಾದು ಕೂತ ಜನರಿಗೆ ಸುದ್ದಿ ಹೇಳುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಮುಂದಿನ ವರ್ಷ ಪರೀಕ್ಷೆ ಹತ್ತಿರ ಬಂದಾಗ ಗುಡಿಯ ಅಂಗಳದಲ್ಲಿ ಹುಡುಗರು ಸಾಲುಗಟ್ಟಿದರು. 'ಶಲ್' ಹಾಕಬೇಕೋ 'ವಿಲ್' ಹಾಕಬೇಕೋ? 'ಸಿನ್ಸ್' ಸರಿಯೋ 'ಫಾರ್' ಸರಿಯೋ? ನಿನ್ನೆ ಕಂಡವನನ್ನು 'ಹ್ಯಾವ್ ಸೀನ್' ಅನ್ನಬಹುದೋ, ಬರೀ 'ಸಾ' ಅನ್ನಬೇಕೋ? ಭಟ್ಕಳದ ಜವಳಿ ಅಂಗಡಿಯ ಸಾಹೇಬರ ಮಗನೊಬ್ಬ ಹೊರಗಿನ ಕಟ್ಟೆಯಲ್ಲೇ ಕೂತು, ಗೆಳೆಯನ ಮೂಲಕ ತನ್ನ ಅನುಮಾನವನ್ನೂ ಒಳಗೆ ಕಳಿಸಿದ. ಭಟ್ಟರು ಅದನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿದರು. ಗ್ರಾಮರಿಗೆ ಜಾತಿಯಿಲ್ಲ ಎಂದು ಅವರಿಗೆ ಅನಿಸಿರಬೇಕು.

ಒಬ್ಬ ಜಾಣ ಬಂದು, "ಭಟ್ರೇ, 'ಇನ್' ಹಾಕೂದಾ, 'ಆನ್' ಹಾಕೂದಾ, 'ಎಟ್' ಹಾಕೂದಾ?" ಎಂದ.

"ಮೂರು ಆಗೂದಿಲ್ಲ ಮಾರಾಯಾ. ಅಮ್ಮನಿಗೆ ಎರಡೇ ಹೆಗಲು," ಎಂದರು ಭಟ್ಟರು. "ಒಂದು ನೀನೇ ಬಿಟ್ಟು ಬಾ."

ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರಾದ ಕೃಷ್ಣಾನಂದರಿಗೆ ಇದು ತಲೆನೋವಾಯಿತು. ಅವರ ಮನೆಯ ಜಗಲಿಯಲ್ಲಿ ಪಾಠಕ್ಕೆ ಕೂರುತ್ತಿದ್ದ ಹುಡುಗರೆಲ್ಲ ಗುಡಿಯ ಅಂಗಳಕ್ಕೆ ವರ್ಗವಾಗಿದ್ದರು. ಒಂದು ಮಧ್ಯಾಹ್ನ ಕೊಡೆ ಬೀಸುತ್ತ ಬಂದು, ಇದು ಶುದ್ಧ ಮೌಢ್ಯ, ಭಾಷೆಗೆ ನಿಯಮವಿದೆ, ನಿಯಮಕ್ಕೆ ಕಾರಣವಿದೆ ಎಂದು ಭಟ್ಟರಿಗೆ ಉಪನ್ಯಾಸ ಕೊಟ್ಟರು. ಭಟ್ಟರು ತಲೆಯಾಡಿಸಿ ಕೇಳಿದರು. ಮಾತು ಮುಗಿದ ಮೇಲೂ ಮಾಸ್ತರರು ಹೊರಡಲಿಲ್ಲ. ಆಚೀಚೆ ನೋಡಿ, ಸ್ವರ ತಗ್ಗಿಸಿ, "ಹೆಡ್‌ಮಾಸ್ತರ್ರಿಗೂ ನಂಗೂ ಒಂದು 'ಶಲ್' ಬಗ್ಗೆ ಚರ್ಚೆ ಆಗಿದೆ. ನಾನು ಹೇಳಿದ್ದೇ ಸರಿಯಾ ಅಂತ ಒಂದು ಸಲ..." ಎಂದರು. ಎಡ ಬಿತ್ತು. "ಅಮ್ಮನಿಗೂ ಗ್ರಾಮರ್ ಬರೂದಿಲ್ಲ!" ಎಂದು ಮಾಸ್ತರರು ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಇದನ್ನೆಲ್ಲ ಹೊಸ್ತಿಲ ಬಳಿ ಕೂತು ಹೂ ಕಟ್ಟುತ್ತ ನೋಡುತ್ತಿದ್ದವಳು ವಸಂತಿ. ಶಾಂತಾರಾಮನ ಮಗಳು, ಭಟ್ಟರ ಮೊಮ್ಮಗಳು. ಅವಳೂ ಮ್ಯಾಟ್ರಿಕ್ಕಿನಲ್ಲಿ ಓದುತ್ತಿದ್ದಳು. ಆದರೆ ಅಮ್ಮನನ್ನು ಕೇಳುವ ಅಗತ್ಯ ಅವಳಿಗಿರಲಿಲ್ಲ. ಇಂಗ್ಲಿಷು ಅವಳಿಗೆ ನೀರು ಕುಡಿದಷ್ಟು ಸಲೀಸು. ಸಾಲಿನಲ್ಲಿ ಕಾದು ಬೇಸತ್ತ ಹುಡುಗಿಯೊಬ್ಬಳಿಗೆ ಒಮ್ಮೆ ಅವಳು ಹೇಳುತ್ತಿದ್ದ ಪಾಠ ಭಟ್ಟರ ಕಿವಿಗೂ ಬಿತ್ತು.

"ಲಾಂಚಿಂದ ಯಾರೋ ಒಬ್ಬ ಇಳಿದ ಅಂತ ಇಟ್ಕೋ. ಅವ ಯಾರು, ಎಂತ, ನಮಗೆ ಗೊತ್ತಿಲ್ಲ. ಅವ 'ಎ ಮ್ಯಾನ್'. ಅವನೇ ಬಂದರದ ಹೋಟೆಲಲ್ಲಿ ಚಾ ಕುಡ್ದು, ಯಾರ ಮನೆಗೆ ಬಂದದ್ದು, ಯಾಕೆ ಬಂದದ್ದು ಎಲ್ಲ ಹೇಳಿ ಆತು. ಈಗ ಅವ 'ದಿ ಮ್ಯಾನ್'. ನಮ್ಮೂರಲ್ಲಿ ಒಂದು ಚಾ ಕುಡಿಯೂದ್ರೊಳಗೆ 'ಎ' ಇದ್ದವ 'ದಿ' ಆಗ್ತಾ."

ಭಟ್ಟರಿಗೆ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ 'ದಿ' ಎಂದರೇನೆಂದು ಅರ್ಥವಾಯಿತು. ಈ ಕೂಸು ಮಾಸ್ತರಿಕೆಗೇ ಹುಟ್ಟಿದ್ದು ಎಂದುಕೊಂಡರು.

ಆದರೆ ವಸಂತಿಯ ತಲೆಯಲ್ಲಿ ಪಾಠಕ್ಕಿಂತ ದೊಡ್ಡ ತಂಟೆಯೊಂದು ನಡೆಯುತ್ತಿತ್ತು. ಗ್ರಾಮರ್ ಪುಸ್ತಕದ ಕೊನೆಯಲ್ಲಿ ಅಭ್ಯಾಸಗಳ ಉತ್ತರ ಅಚ್ಚಾಗಿರುತ್ತದೆ. ಅವಳು ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಆರಿಸಿ ಹುಡುಗರ ಕೈಯಲ್ಲಿ ಅಮ್ಮನಿಗೆ ಕೇಳಿಸತೊಡಗಿದ್ದಳು. ಒಮ್ಮೆ ಬೆಳಿಗ್ಗೆ, ಅದನ್ನೇ ಇನ್ನೊಬ್ಬನ ಕೈಯಲ್ಲಿ ಮಧ್ಯಾಹ್ನದ ಮೇಲೆ. ಮದುವೆ, ದನಗಳ ವಿಷಯದಲ್ಲಿ ದೇವರು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಲು ಯಾರಿಗೂ ಉಪಾಯವಿಲ್ಲ. ಗ್ರಾಮರಿನಲ್ಲಿ ಉಪಾಯವಿತ್ತು. ಒಂದು ಸಂಜೆ ಅಜ್ಜನ ಪಕ್ಕ ಬಂದು ಕೂತಳು.

"ಅಜ್ಜಾ, ಒಂದು ಹೇಳ್ತೆ. ಬೈಯಡ."

"ಬೈಯ ಕೆಲಸ ಮಾಡಿದ್ಯ ಹಂಗಾರೆ. ಹೇಳು."

"ಬೆಳಿಗ್ಗೆ ಎಂತ ಕೇಳಿದ್ರೂ ಬಲವೇ ಬೀಳ್ತು. ಮಧ್ಯಾಹ್ನದ ಮೇಲೆ ಎಂತ ಕೇಳಿದ್ರೂ ಎಡವೇ. ಬಲದ ಹೆಗಲ ಹತ್ರ ದೀಪ ಇದ್ದು, ಬಿಸಿಗೆ ಎಸಳು ಒಣಗ್ತು. ಎಡಕ್ಕೆ ಪಡುವಣ ಕಿಟಕಿ ಇದ್ದು. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಶುರುವಾದ್ರೆ ಆ ಬದಿದು ಹಾರ್ತು. ಅಮ್ಮಂಗೆ ಇಂಗ್ಲಿಷ್ ಬತ್ತಿಲ್ಲೆ ಅಜ್ಜಾ. ಮಾತಾಡೂದು ಗಾಳಿ."

ಭಟ್ಟರು ಬೈದರು. ಚೆನ್ನಾಗಿಯೇ ಬೈದರು. ಹೆಣ್ಣುಮಕ್ಕಳಿಗೆ ಇಷ್ಟು ಬುದ್ಧಿ ಬಂದರೆ ಮನೆಗೆ ದೀಪ ಹಚ್ಚುವವರು ಯಾರೆಂದು ಕೂಗಾಡಿದರು. ಆದರೆ ಬೈಯುತ್ತಿದ್ದ ಹಾಗೇ ಅವರಿಗೆ ಶಾಂತಾರಾಮನ ಮುಂಬಯಿಯ ಪ್ರಶ್ನೆ ಕೇಳಿದ ದಿನ ನೆನಪಾಯಿತು. ಮುಂಬಯಿಯ ಸೋದರಮಾವ ಬಸ್ಸಿಳಿದು ಬಂದದ್ದೇ ಊಟದ ಹೊತ್ತಿಗೆ. ಅವನ ಊಟ, ಎಲೆ ಅಡಿಕೆ ಮುಗಿದ ಮೇಲೆ ಎಲ್ಲರೂ ಗುಡಿಗೆ ಹೋಗಿದ್ದರು. ಕಿಟಕಿಯ ಗಾಳಿಗೆ ದೀಪ ಕುಣಿಯುತ್ತಿದ್ದದ್ದೂ ಕಣ್ಣಿಗೆ ಕಟ್ಟಿತು. ಭಟ್ಟರ ಬೈಗುಳ ಅರ್ಧಕ್ಕೇ ನಿಂತಿತು. ಅಂದು ಅವರಿಗೆ ಅನ್ನ ಸೇರಲಿಲ್ಲ.

ವಸಂತಿ ಒಳ್ಳೆಯ ಮಾರ್ಕಿನಲ್ಲಿ ಪಾಸಾದಳು. ಕುಮಟೆಯ ಕಾಲೇಜಿಗೆ ಹೋಗುತ್ತೇನೆಂದಳು. ಅದೇ ವಾರ ಕತಗಾಲದಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ತೋಟವಿದೆ, ಮನೆ ತುಂಬ ಜನ. ಶಾಂತಾರಾಮನಿಗೆ ಬೇಡವೆನ್ನಲು ಕಾರಣ ಕಾಣಲಿಲ್ಲ.

"ಆನು ಓದ್ತೆ ಅಪ್ಪಯ್ಯ," ಎಂದಳು ವಸಂತಿ.

"ಆನೂ ಮುಂಬೈಗೆ ಹೋಗ್ತೆ ಹೇಳಿದ್ದೆ," ಎಂದ ಶಾಂತಾರಾಮ. "ಅಮ್ಮನ ಹತ್ರ ಕೇಳ್ವ. ಯಂಗೆ ಆದ ನ್ಯಾಯವೇ ನಿಂಗೂ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಭಟ್ಟರು ಎದುರು ಮಾತಾಡುತ್ತಿದ್ದರೋ ಏನೋ. ಬಲ ಬಿದ್ದರೆ ಮದುವೆ, ಎಡ ಬಿದ್ದರೆ ಈ ಸಂಬಂಧ ಬಿಡುವುದು ಎಂದು ತೀರ್ಮಾನವಾಯಿತು.

ಗೊತ್ತು ಮಾಡಿದ ದಿನ ಕತಗಾಲದವರು ಬೆಳಗಿನ ಬಸ್ಸಿಗೇ ಬಂದಿಳಿದರು. ಹುಡುಗ, ಅವನ ಅಪ್ಪ, ಜೊತೆಗೆ ಒಬ್ಬ ದಪ್ಪ ಸೋದರಮಾವ. ಭಟ್ಟರು ಮಿಂದು, ಮಡಿಯುಟ್ಟು, ಪ್ರಸಾದ ಕೇಳುವವರೆಗೆ ಉಪವಾಸವಿರಬೇಕೆಂದು ಖಾಲಿ ಹೊಟ್ಟೆಯಲ್ಲಿ ಸಿದ್ಧರಾಗಿ ಕೂತರು. ಎಲ್ಲರೂ ಗುಡಿಗೆ ಏಳುವ ಹೊತ್ತಿಗೆ ಒಳಗಿನಿಂದ ವಸಂತಿ ಬಂದು, ಬಲು ವಿನಯದಿಂದ ಹೇಳಿದಳು. ದೂರದಿಂದ ಹಸಿದು ಬಂದವರು, ಊಟವಾಗಲಿ, ಅಮ್ಮ ಎಲ್ಲಿಗೂ ಹೋಗುವುದಿಲ್ಲ. ಹೋಳಿಗೆಯ ವಾಸನೆ ಆಗಲೇ ಸೋದರಮಾವನ ಮೂಗು ಮುಟ್ಟಿತ್ತು. ಅವನು ಗುಡಿಯ ದಾರಿ ಬಿಟ್ಟು ಬಾಳೆಲೆಯ ದಾರಿ ಹಿಡಿದ.

ಅಂಥ ಊಟ ಆ ಮನೆಯಲ್ಲಿ ಮುಂಚೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ವಸಂತಿ ಹೋಳಿಗೆಯನ್ನು ಒಂದೊಂದಾಗಿ ಬೇಯಿಸಿದಳು. ಸಾರು ಬಡಿಸಿ, ಅನ್ನ ತರಲು ಹೋದವಳು ಬಾರದೆ ನಿಂತಳು. ಪಾಯಸ ಮುಗಿದ ಮೇಲೆ ಮತ್ತೊಂದು ಪಾಯಸವಿದೆಯೆಂದಳು. ಮಜ್ಜಿಗೆಗೆ ಒಗ್ಗರಣೆ ಹಾಕಿರಲಿಲ್ಲವೆಂದು ಒಳಗೆ ಒಯ್ದಳು. ಸೋದರಮಾವ ಹೊಟ್ಟೆ ಸವರಿಕೊಳ್ಳುತ್ತ, ಇಂಥ ಉಪಚಾರದ ಹುಡುಗಿ ಹತ್ತೂರು ಹುಡುಕಿದರೂ ಸಿಗಲಿಕ್ಕಿಲ್ಲ ಎಂದ. ಜಗಲಿಯಲ್ಲಿ ಹಸಿದು ಕೂತ ಭಟ್ಟರು ಅಂಗಳದ ಬಿಸಿಲು ತುಳಸಿಕಟ್ಟೆ ದಾಟುವುದನ್ನು ನೋಡುತ್ತಿದ್ದರು. ಮೊಮ್ಮಗಳು ಏನು ಬೇಯಿಸುತ್ತಿದ್ದಾಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಏಳಿ, ಹೊತ್ತಾಯಿತು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಅಂತೂ ಎಲ್ಲರೂ ಗುಡಿಗೆ ಬಂದಾಗ ಸಮುದ್ರದ ಗಾಳಿ ಜೋರಾಗಿಯೇ ಎದ್ದಿತ್ತು. ಭಟ್ಟರು ಎಸಳು ಅದ್ದಿ ಎರಡು ಹೆಗಲಿಗೂ ಹಚ್ಚಿದರು. ಬಾಯಿಗೆ ಬಟ್ಟೆ ಕಟ್ಟಿ, ಹಿಂದೆ ಸರಿದು, ಪ್ರಶ್ನೆ ಹೇಳಿದರು. ಎಡದ ಎಸಳು ಆಗಲೇ ತುದಿ ಎತ್ತಿತ್ತು. ಬಾಗಿಲ ಬಳಿ ನಿಂತ ವಸಂತಿಯ ಮುಖದಲ್ಲಿ ಭಕ್ತಿಯೇ ಭಕ್ತಿ.

ಅಷ್ಟರಲ್ಲಿ ದೀಪ ಕುಣಿಯಿತು. ಇನ್ನೇನು ಆರಬೇಕು.

"ಅಯ್ಯಯ್ಯೋ, ದೀಪ!" ಎಂದು ಸೋದರಮಾವ ಗಾಬರಿಯಾದ. ಒಳ್ಳೆಯ ಕಾರ್ಯಕ್ಕೆ ನಿಂತಾಗ ದೀಪ ಆರಿದರೆ ಅಪಶಕುನ. ಅಷ್ಟೊಂದು ಹೋಳಿಗೆ ತಿಂದವನು ಅಷ್ಟು ಚುರುಕಾಗಿ ಓಡಬಲ್ಲನೆಂದು ಯಾರೂ ಎಣಿಸಿರಲಿಲ್ಲ. ಗುಡಿಯನ್ನು ಸುತ್ತಿ ಹೋಗಿ, ಹೊರಗಿನಿಂದ ಪಡುವಣ ಕಿಟಕಿಯ ಮರದ ಬಾಗಿಲನ್ನು ದಡಾರನೆ ಮುಚ್ಚಿ ಬಂದ. ದೀಪ ನೆಟ್ಟಗೆ ನಿಂತಿತು. ಎಡದ ಎಸಳು ತುದಿ ಮಡಚಿ ಮತ್ತೆ ಕಲ್ಲಿಗೆ ಅಂಟಿತು.

ವಸಂತಿಯ ಮುಖದ ಭಕ್ತಿ ಇಳಿದುಹೋಯಿತು. ಭಟ್ಟರು ಅವಳನ್ನು ನೋಡಲಿಲ್ಲ. ಬಲದ ಎಸಳನ್ನು ನೋಡುತ್ತಿದ್ದರು. ದೀಪದ ಬಿಸಿಗೆ ಅದರ ಅಂಚು ಒಣಗುತ್ತಿತ್ತು. ಒಣಗಿ ಸುರುಟುತ್ತಿತ್ತು. ಒಮ್ಮೆ ಅಲುಗಿತು. ಪಕ್ಕದಲ್ಲಿ ಶಾಂತಾರಾಮ ಕೈ ಮುಗಿದು ನಿಂತಿದ್ದ, ಟ್ರಂಕು ಕಟ್ಟಿಟ್ಟು ಬಂದ ದಿನ ನಿಂತ ಹಾಗೆಯೇ. ಅಂದು ಗಾಳಿ, ಇಂದು ದೀಪ. ಈ ಮನೆಯ ಮಕ್ಕಳ ಹಣೆಬರಹವನ್ನು ಕಿಟಕಿಯೇ ಬರೆಯಬೇಕೇ?

ಬಾಯಿಗೆ ಕಟ್ಟಿದ ಬಟ್ಟೆ ಅದು ಹೇಗೋ ಜಾರಿತು. ಭಟ್ಟರು ಅಮ್ಮನ ಎಡಕ್ಕೆ ಒಂದು ಹೆಜ್ಜೆ ಮುಂದೆ ಬಂದರು. ಮತ್ತೆ, ಜನ್ಮದಲ್ಲಿ ನೆಗಡಿಯೂ ಅಂಟದ ಆ ಮನುಷ್ಯನಿಗೆ ಒಂದು ಕೆಮ್ಮು ಬಂತು. ಗುಡಿಯ ಗಂಟೆ ಕೂಡ ಸಣ್ಣಗೆ ಗುಂಯ್ ಅಂದಿತು. ಎಡದ ಎಸಳು ಹಾರಿ ಅಮ್ಮನ ಪಾದದಲ್ಲಿ ಬಿತ್ತು.

"ಎಡ!" ಎಂದವನು ಸೋದರಮಾವನೇ. ಆಮೇಲೆ ಎಚ್ಚತ್ತು, "ಭಟ್ರಿಗೆ ಕೆಮ್ಮು ಬಂತಲಿ? ಇನ್ನೊಂದು ಸಲ ಕೇಳಿರೆ ಎಂತ?" ಎಂದ.

ಉತ್ತರ ಕೊಟ್ಟವನು ಶಾಂತಾರಾಮ.

"ಎರಡು ಸಲ ಕೇಳ ಪದ್ಧತಿ ಇಲ್ಲೆ," ಎಂದ. "ಯಂಗೂ ಒಂದೇ ಸಲ ಕೇಳಿದ್ದು."

ಕತಗಾಲದವರು ಸಂಜೆಯ ಬಸ್ಸಿಗೆ ಹೋದರು. ಹೊತ್ತು ಮುಳುಗುವ ಮುಂಚೆ ಭಟ್ಟರು ಮಗನನ್ನು ಬಂದರದ ಕಡೆ ಕರೆದುಕೊಂಡು ಹೋದರು. ಈ ಸಂಬಂಧ ತಪ್ಪಿತು, ನಾಳೆ ಇನ್ನೊಂದು ಬರುತ್ತದೆ. ಕಾಲೇಜಿನ ಮಾತು ಅಲ್ಲಿಗೇ ಉಳಿದಿತ್ತು. ಲಾಂಚು ಆಚೆ ದಡಕ್ಕೆ ಹೋಗುವುದನ್ನು ನೋಡುತ್ತ ಅವರು ಕಿಟಕಿಯ ವಿಷಯ ಹೇಳಿದರು. ದೀಪದ ವಿಷಯ ಹೇಳಿದರು. ಕೆಮ್ಮಿನ ವಿಷಯ ಹೇಳಲಿಲ್ಲ.

"ಆ ದಿನ ನಿಂಗೆ ಬ್ಯಾಡ ಹೇಳಿದ್ದು ಅಮ್ಮ ಅಲ್ದೋ ಶಾಂತಾರಾಮ. ಗಾಳಿ."

ಭಟ್ಟರಿಗೆ ಮಗನ ಕಾಲು ಹಿಡಿಯಬೇಕೆನಿಸಿತು, ಅಪ್ಪನಾದವನು ಹಾಗೆ ಮಾಡುವ ಹಾಗಿಲ್ಲವಲ್ಲ ಎಂದು ಸಂಕಟವೂ ಆಯಿತು. ಕಡೆಗೆ ಶಾಂತಾರಾಮ ನಕ್ಕ. ನಗು ಅರ್ಧ ದಾರಿಯಲ್ಲಿ ಬೇರೆಯದೇ ಏನೋ ಆಗಿ, ಅವನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಕೂಸು ಕುಮಟೆಗೆ ಹೋಗ್ಲಿ," ಎಂದ. "ಗಾಳಿ ಮಾತು ಕೇಳಿದವ ಒಬ್ಬ ಸಾಕು."

ಮರುದಿನ ಭಟ್ಟರು ಗುಡಿ ತೊಳೆದು ಶುದ್ಧಿ ಮಾಡಿದರು. ದೀಪವನ್ನು ಅಮ್ಮನ ಬಲದಿಂದ ತೆಗೆದು ಎದುರಿಗೆ ತೂಗಿಸಿದರು, ಪಡುವಣ ಕಿಟಕಿಗೆ ಮೊಳೆ ಹೊಡೆಸಿದರು. ಅದೇ ದಿನದಿಂದ ಪ್ರಸಾದ ಕೇಳುವ ಕೆಲಸವನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟರು. ಹೆಸರು ಉತ್ತುಂಗದಲ್ಲಿದ್ದಾಗ ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಕೈ ನಡುಗುತ್ತದೆ ಎಂದರು. ಕೈ ನಡುಗುತ್ತಿರಲಿಲ್ಲ. ಒಮ್ಮೆ ರುಚಿ ಕಂಡ ಕೆಮ್ಮು ಮತ್ತೆ ಬಾರದೆ ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಅದೇ ಭಯ. ಗಾಳಿ ದೀಪಗಳ ಹಂಗು ತಪ್ಪಿದ ಅಮ್ಮ ಆಮೇಲೆ ತನಗೆ ತೋಚಿದ್ದನ್ನು ಹೇಳತೊಡಗಿದಳು. 'ಶಲ್' ಕೇಳಿದ ಹುಡುಗರು ಗುಂಪು ಗುಂಪಾಗಿ ಫೇಲಾದರು, ಕೃಷ್ಣಾನಂದ ಮಾಸ್ತರರ ಜಗಲಿ ಮತ್ತೆ ತುಂಬಿತು.

ವಸಂತಿ ಕುಮಟೆಯಲ್ಲಿ ಬಿ.ಎ. ಮುಗಿಸಿ ಭಟ್ಕಳದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದಳು. ಮೊದಲ ಸಂಬಳ ಬಂದ ಶನಿವಾರ ಲಾಂಚು ಹತ್ತಿ ಮನೆಗೆ ಬಂದಳು. ಹೆತ್ತ ಆಯಿಗೆ ಸೀರೆ, ಅಪ್ಪಯ್ಯನಿಗೆ ಕೊಡೆ. ಅಜ್ಜನ ಅಂಗೈಗೆ ಒಂದು ಪುಟ್ಟ ತಗಡಿನ ಡಬ್ಬಿ ಇಟ್ಟಳು.

"ಎಂತದು ಇದು?"

"ಕೆಮ್ಮಿನ ಗುಳಿಗೆ, ಅಜ್ಜಾ. ಬಾಯಲ್ಲಿಟ್ಟು ಚೀಪೂದು."

"ಯಂಗೆ ಕೆಮ್ಮು ಇಲ್ಲೆ."

"ಗೊತ್ತಿದ್ದು," ಎಂದಳು ವಸಂತಿ. "ಒಂದೇ ಸಲ ಬಂದಿತ್ತು."

ಭಟ್ಟರು ಮಗನ ಕಡೆ ನೋಡಿದರು. ಶಾಂತಾರಾಮ ಹೊಸ ಕೊಡೆಯನ್ನು ಬಿಚ್ಚಿ ಮಡಚಿ ಪರೀಕ್ಷಿಸುವುದರಲ್ಲಿ ಮುಳುಗಿದ್ದ. ಅವರು ಡಬ್ಬಿ ತೆರೆದು ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡರು, ಇನ್ನೊಂದನ್ನು ಮೊಮ್ಮಗಳಿಗೆ ಕೊಟ್ಟರು. ಅಜ್ಜ ಮೊಮ್ಮಗಳು ಇಬ್ಬರೂ ಜಗಲಿಯಲ್ಲಿ ಕೂತು ಅದು ಕರಗುವವರೆಗೂ ಚೀಪಿದರು.